‘ಫೀಚರಿಂಗ್’ ಅನ್ನೋ ಪದದ ಹಿಂದಿದ್ದ ಏಳು ಜನ

‘ವಾಕಾ ವಾಕಾ’ ಯಾರ ಹಾಡು ಅಂತ ಯಾರನ್ನಾದರೂ ಕೇಳಿ ನೋಡಿ. ನೂರಕ್ಕೆ ತೊಂಬತ್ತೊಂಬತ್ತು ಜನ ‘ಶಕೀರಾ’ ಅಂತಾರೆ. ಉತ್ತರ ತಪ್ಪೇನಲ್ಲ. ಆದರೆ ಆ ಹಾಡಿನ ಹೆಸರನ್ನು ಪೂರ್ತಿ ಬರೆದರೆ ಬಾಲದಲ್ಲಿ ಇನ್ನೊಂದು ತುಣುಕು ಇರುತ್ತೆ: ‘ಫೀಚರಿಂಗ್ ಫ್ರೆಶ್ಲಿಗ್ರೌಂಡ್’. 2010ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನನ್ನ ಓರಗೆಯವರಲ್ಲಿ ಅರ್ಧ ಜನರ ಮೊಬೈಲ್ ರಿಂಗ್‌ಟೋನ್ ಅದೇ ಆಗಿತ್ತು. ದಕ್ಷಿಣ ಆಫ್ರಿಕಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಹಾಗಾಗಿ ಸಂಜೆ ಏಳೂವರೆಗೆ ಒಂದು ಮ್ಯಾಚು, ನಡುರಾತ್ರಿ ಹನ್ನೆರಡಕ್ಕೆ ಇನ್ನೊಂದು. ಎರಡರ ನಡುವೆ ಟೀವಿಯಲ್ಲಿ ಆ ಹಾಡು ಎಷ್ಟು ಸಲ ಬರ್ತಿತ್ತೋ ಲೆಕ್ಕವಿಲ್ಲ. ಬಾಲದಲ್ಲಿದ್ದ ಹೆಸರು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ಆ ಹೆಸರಿನ ಹಿಂದೆ ಏಳು ಜನ ಇದ್ದರು. ಮೂರು ದೇಶದವರು. ಕಪ್ಪು ಜನ, ಬಿಳಿ ಜನ, ಎರಡರ ನಡುವೆ ಸರ್ಕಾರ ಒಂದು ಕಾಲದಲ್ಲಿ ಇಟ್ಟಿದ್ದ ಖಾನೆಗಳಿಗೆ ಸೇರಿದವರು. ಈ ಏಳೂ ಜನ ಒಂದು ಮೂವತ್ತು ವರ್ಷ ಮೊದಲು ಅದೇ ದೇಶದಲ್ಲಿ ಒಟ್ಟಿಗೆ ವೇದಿಕೆ ಹತ್ತಿದ್ದರೆ ಪೊಲೀಸ್ ವ್ಯಾನಿಗೆ ತಾವೇ ಫೋನ್ ಮಾಡಿ ಕರೆದ ಹಾಗಾಗುತ್ತಿತ್ತು. ಅಪರಾಧವಾಗಿದ್ದದ್ದು ಹೇಗೆ ಹೆಮ್ಮೆಯಾಯ್ತು, ಹೆಮ್ಮೆ ಹೇಗೆ ಮಾರಾಟಕ್ಕೆ ಬಂತು, ಮಾರಾಟವಾದ ಮೇಲೆ ಆ ಏಳು ಜನಕ್ಕೆ ಉಳಿದದ್ದೇನು? ಈ ಬರಹ ಅದರ ಕಥೆ.

*

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ದಕ್ಷಿಣ ಆಫ್ರಿಕಾದಲ್ಲಿ 1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ಅಲ್ಲಿಂದ ಮುಂದೆ ನಡೆದದ್ದನ್ನು ನಾವು ‘ವರ್ಣಭೇದ ನೀತಿ’ ಅಂತ ಶಾಲೆಯಲ್ಲಿ ಒಂದು ಸಾಲಿನಲ್ಲಿ ಓದಿ ಮುಗಿಸಿದ್ದೇವೆ. ಅದು ದಿನನಿತ್ಯ ಹೇಗೆ ಕೆಲಸ ಮಾಡ್ತಿತ್ತು ಅನ್ನೋದು ಮುಖ್ಯ. 1950ರಲ್ಲಿ ಎರಡು ಕಾನೂನು ಬಂದವು. ಒಂದರ ಪ್ರಕಾರ ಪ್ರತಿಯೊಬ್ಬರನ್ನೂ ಹುಟ್ಟಿನಿಂದಲೇ ಒಂದು ಜನಾಂಗದ ಖಾನೆಗೆ ಬರೆದುಕೊಳ್ಳಬೇಕು. ಇನ್ನೊಂದರ ಪ್ರಕಾರ ಯಾವ ಖಾನೆಯವರು ಯಾವ ಬಡಾವಣೆಯಲ್ಲಿ ಇರಬೇಕು ಅಂತ ಸರ್ಕಾರವೇ ಗೆರೆ ಎಳೆಯಬೇಕು. ಗುಜರಾತ್, ತಮಿಳುನಾಡು, ಆಂಧ್ರ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ್ದ ಭಾರತೀಯರಿಗೂ ಒಂದು ಖಾನೆ, ಒಂದು ಗೆರೆ ಇತ್ತು. ಡರ್ಬಾನ್‌ನಂಥ ಊರುಗಳಲ್ಲಿ ಅವರೂ ಮನೆ ಬಿಟ್ಟು ಎದ್ದು ಹೋಗಬೇಕಾಯ್ತು.

ಈ ಗೆರೆ ರೇಡಿಯೋ ಒಳಗೂ ಇತ್ತು. ಸರ್ಕಾರಿ ಪ್ರಸಾರ ಸಂಸ್ಥೆ ಎಸ್‌ಎಬಿಸಿ ಜುಲು ಭಾಷೆಗೆ ಒಂದು, ಖೋಸಾ ಭಾಷೆಗೆ ಒಂದು, ಸೋತೋಗೆ ಒಂದು ಅಂತ ಬೇರೆಬೇರೆ ರೇಡಿಯೋ ನಡೆಸುತ್ತಿತ್ತು. ಕೇಳೋಕೆ ಚೆನ್ನಾಗೇ ಇದೆ, ಅಲ್ವಾ? ಎಲ್ಲ ಭಾಷೆಗೂ ಜಾಗ! ಆದರೆ ಉದ್ದೇಶ ಬೇರೆ. ಪ್ರತಿ ಜನಾಂಗವೂ ‘ಶುದ್ಧ’ವಾಗಿ ತನ್ನ ಮೂಲೆಯಲ್ಲಿ ಇರಬೇಕು, ಒಂದರ ಗಾಳಿ ಇನ್ನೊಂದಕ್ಕೆ ತಾಗಬಾರದು. ಹಾಗಾಗಿ ಒಂದು ಹಾಡಿನಲ್ಲಿ ಎರಡು ಭಾಷೆ ಬೆರೆತಿದೆ ಅನ್ನೋದೇ ಅದನ್ನು ಪ್ರಸಾರ ಮಾಡದಿರೋಕೆ ಸಾಕಷ್ಟು ಕಾರಣ. ಬೇಡವಾದ ಹಾಡಿದ್ದ ಎಲ್‌ಪಿ ರೆಕಾರ್ಡ್ ಬಂದರೆ ಸಂಸ್ಥೆಯವರು ಆ ಒಂದು ಹಾಡಿನ ಮೇಲೆ ಚೂಪಾದ ವಸ್ತುವಿನಿಂದ ಗೀರಿ ಇಡುತ್ತಿದ್ದರು. ಯಾರಾದರೂ ಮರೆತು ಹಾಕಿದರೂ ಮುಳ್ಳು ಅಲ್ಲಿ ಜಾರಬೇಕು. ಡಿಲೀಟ್ ಬಟನ್ ಇಲ್ಲದ ಕಾಲದ ಡಿಲೀಟ್ ಅದು.

*

ಇಂಥ ಊರಿನಲ್ಲಿ ಜಾನಿ ಕ್ಲೆಗ್ ಅನ್ನೋ ಹುಡುಗ ಬೆಳೆದ. ಹುಟ್ಟಿದ್ದು 1953ರಲ್ಲಿ, ಇಂಗ್ಲೆಂಡಿನಲ್ಲಿ. ಬೆಳೆದದ್ದು ಜೋಹಾನ್ಸ್‌ಬರ್ಗ್‌ನಲ್ಲಿ, ಬಿಳಿಯರ ಬಡಾವಣೆಯಲ್ಲಿ. ಅಲ್ಲಿನ ಅಪಾರ್ಟ್‌ಮೆಂಟ್‌ಗಳನ್ನು ಗುಡಿಸಿ ಒರೆಸುತ್ತಿದ್ದ ಚಾರ್ಲಿ ಮ್ಜಿಲಾ ಎಂಬ ಜುಲು ಕೆಲಸಗಾರ ಗಿಟಾರ್ ನುಡಿಸುತ್ತಿದ್ದ. ನಮ್ಮ ಸಿನಿಮಾಗಳಲ್ಲಿ ನೋಡಿದ ಗಿಟಾರ್ ಅಲ್ಲ. ಮಸ್ಕಾಂಡಾ ಅಂತ ಅದಕ್ಕೆ ಹೆಸರು. ಹಳ್ಳಿ ಬಿಟ್ಟು ಗಣಿಗೆ, ನಗರಕ್ಕೆ ಕೂಲಿಗೆ ಬಂದ ಜುಲು ಗಂಡಸರ ಸಂಗೀತ. ತಂತಿಗಳನ್ನು ಬೆರಳಲ್ಲಿ ಕೀಳುತ್ತಾ, ನಡುವೆ ಪಟಪಟ ಮಾತಾಡುತ್ತಾ, ನಡೆಯುವ ಕಾಲಿನ ಲಯಕ್ಕೆ ನುಡಿಸುವಂಥದ್ದು. ಹುಡುಗ ಮ್ಜಿಲಾನ ಹಿಂದೆ ಬಿದ್ದು ಗಿಟಾರ್ ಕಲಿತ, ಜುಲು ಕಲಿತ, ಕೂಲಿಗಳ ಹಾಸ್ಟೆಲ್ಲಿಗೆ ಹೋಗಿ ಕುಣಿತ ಕಲಿತ. ಹದಿನೈದನೇ ವಯಸ್ಸಿನಲ್ಲಿ ಅರೆಸ್ಟ್ ಆದ. ಬಿಳಿ ಹುಡುಗ ಕಪ್ಪು ಜನರ ಜಾಗದಲ್ಲಿ ಇದ್ದ, ಅದೇ ತಪ್ಪು.

‘ಬಿಳಿ ಹುಡುಗನೊಬ್ಬ ಜುಲು ಗಿಟಾರ್ ನುಡಿಸ್ತಾನಂತೆ’ ಅನ್ನೋ ಸುದ್ದಿ ಊರಲ್ಲಿ ಹಬ್ಬಿತು. ತೋಟದ ಕೆಲಸ ಮಾಡ್ತಿದ್ದ ಸಿಫೋ ಮ್ಚುನು ಅನ್ನೋ ಇನ್ನೊಬ್ಬ ಹುಡುಗ ‘ನೋಡೇಬಿಡೋಣ’ ಅಂತ ಪಂದ್ಯ ಕಟ್ಟೋಕೆ ಹುಡುಕಿಕೊಂಡು ಬಂದ. ಪಂದ್ಯಕ್ಕೆ ಬಂದವನು ಜೊತೆಗಾರನಾದ. ಇಬ್ಬರೂ ಸೇರಿ ಕಟ್ಟಿದ ಬ್ಯಾಂಡಿಗೆ ‘ಜುಲುಕಾ’ ಅಂತ ಹೆಸರಿಟ್ಟರು. ಜುಲು ಭಾಷೆಯಲ್ಲಿ ಅದರ ಅರ್ಥ ‘ಬೆವರು’. ಮ್ಚುನು ಸಾಕಿದ್ದ ಒಂದು ಹೋರಿಯ ಹೆಸರೂ ಅದೇ.

1979ರಲ್ಲಿ ಅವರ ಮೊದಲ ಆಲ್ಬಮ್ ‘ಯೂನಿವರ್ಸಲ್ ಮೆನ್’ ಬಂತು. ಹಾಡುಗಳ ತುಂಬ ವಲಸೆ ಕೂಲಿಗಳ ಬದುಕು. ಇಂಗ್ಲಿಷಿನ ಪಕ್ಕದಲ್ಲೇ ಜುಲು. ಎಸ್‌ಎಬಿಸಿ ಬಾಗಿಲು ಹಾಕಿಕೊಂಡಿತು. ರೇಡಿಯೋ ಇಲ್ಲ, ದೊಡ್ಡ ಸಭಾಂಗಣ ಇಲ್ಲ. ಯೂನಿವರ್ಸಿಟಿ ಕ್ಯಾಂಪಸ್ಸು, ಚರ್ಚಿನ ಹಾಲು, ಕೂಲಿಗಳ ಹಾಸ್ಟೆಲ್ಲು, ಯಾರದೋ ಮನೆ, ಹೀಗೆ ಸಿಕ್ಕಲ್ಲೆಲ್ಲ ನುಡಿಸಿದರು. ಎಷ್ಟೋ ಕಡೆ ಪೊಲೀಸರು ಬಂದು ಕಾರ್ಯಕ್ರಮ ನಿಲ್ಲಿಸಿದರು. ರೇಡಿಯೋ ಬಿಟ್ಟದ್ದನ್ನು ಜನರ ಬಾಯಿ ಹಿಡಿದುಕೊಂಡಿತು. 1983ರ ಹೊತ್ತಿಗೆ ಅವರ ‘ಸ್ಕ್ಯಾಟರ್ಲಿಂಗ್ಸ್ ಆಫ್ ಆಫ್ರಿಕಾ’ ಬ್ರಿಟನ್ನಿನ ಟಾಪ್ 50ರ ಪಟ್ಟಿಯಲ್ಲಿ ಕಾಣಿಸಿಕೊಂಡಿತು.

ಇಲ್ಲೊಂದು ವಿಚಿತ್ರ ನಡೆಯಿತು. 1985ರಲ್ಲಿ ಮ್ಚುನು ಬ್ಯಾಂಡ್ ಬಿಟ್ಟು ದನ ಸಾಕೋಕೆ ಊರಿಗೆ ಹೋದ. ಕ್ಲೆಗ್ ‘ಸವೂಕಾ’ ಎಂಬ ಹೊಸ ತಂಡ ಕಟ್ಟಿದ. ಕಪ್ಪು, ಬಿಳಿ ಇಬ್ಬರೂ ಇದ್ದ ತಂಡ. ಸೆರೆಮನೆಯಲ್ಲಿದ್ದ ಮಂಡೇಲಾ ಹೆಸರನ್ನು ನೇರವಾಗಿ ಕರೆಯುವ ‘ಅಸಿಂಬೊನಾಂಗಾ’ ಹಾಡನ್ನು 1987ರಲ್ಲಿ ಬಿಡುಗಡೆ ಮಾಡಿದ. ಫ್ರಾನ್ಸ್‌ನಲ್ಲಿ ಜನ ಅವನನ್ನು ‘ಬಿಳಿ ಜುಲು’ ಅಂತ ಕರೆದು ತಲೆ ಮೇಲೆ ಹೊತ್ತರು. ಬ್ರಿಟನ್ನಿನ ಸಂಗೀತಗಾರರ ಯೂನಿಯನ್ ಮಾತ್ರ ಅವನನ್ನು ಹೊರಗೆ ಹಾಕಿತು. ಕಾರಣ? ದಕ್ಷಿಣ ಆಫ್ರಿಕಾದಲ್ಲಿ ಯಾರೂ ಕಾರ್ಯಕ್ರಮ ಕೊಡಬಾರದು ಅನ್ನೋ ಸಾಂಸ್ಕೃತಿಕ ಬಹಿಷ್ಕಾರ ಜಾರಿಯಲ್ಲಿತ್ತು. ಕ್ಲೆಗ್ ತನ್ನದೇ ಊರಲ್ಲಿ ಹಾಡಿದ್ದ. ಅಂದರೆ ಒಳಗಿನ ಸರ್ಕಾರಕ್ಕೆ ಅವನು ಬೆರಕೆ, ಹೊರಗಿನ ಹೋರಾಟಗಾರರಿಗೆ ಅವನು ನಿಯಮ ಮುರಿದವನು. ಬಹಿಷ್ಕಾರ ಬೇಕಿತ್ತು, ಅದು ಆ ಸರ್ಕಾರವನ್ನು ನಿಜವಾಗಿ ಹಣಿಯಿತು. ಆದರೆ ಯಾವ ಗೆರೆ ಎಳೆದರೂ ಅದರ ಮೇಲೆ ನಿಂತವನೇ ಮೊದಲು ಪೆಟ್ಟು ತಿನ್ನೋದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

*

ಅದೇ 1987ರಲ್ಲಿ ಇನ್ನೊಂದು ಹಾಡು ಬಂತು. ಬ್ರೈಟ್ ಬ್ಲೂ ಎಂಬ ಬ್ಯಾಂಡಿನ ‘ವೀಪಿಂಗ್’. ಅದನ್ನು ಬರೆದ ಡ್ಯಾನ್ ಹೇಮನ್, ಕಾನೂನಿನ ಪ್ರಕಾರ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಲ್ಪಟ್ಟ ಬಿಳಿ ಯುವಕ. ಮನೆ ಸುತ್ತ ಗೋಡೆ ಕಟ್ಟಿಕೊಂಡು ಒಳಗಿನ ಭೂತವನ್ನು ಮುಚ್ಚಿಡುವ ಒಬ್ಬನ ಕಥೆ ಅದು. ಕೇಳಿದವರಿಗೆ ಆ ‘ಒಬ್ಬ’ ದೇಶದ ಅಧ್ಯಕ್ಷ ಪಿ. ಡಬ್ಲ್ಯೂ. ಬೋಥಾ ಅಂತ ಅರ್ಥವಾಗುತ್ತಿತ್ತು. ಹಾಡಿನ ಹಿನ್ನೆಲೆಯಲ್ಲಿ ಇನ್ನೊಂದು ರಾಗ ಮೆಲ್ಲಗೆ ಹರಿಯುತ್ತೆ. ‘ನ್ಕೋಸಿ ಸಿಕೆಲೆಲಿ ಆಫ್ರಿಕಾ’. 1897ರಲ್ಲಿ ಎನೋಕ್ ಸೊಂಟೊಂಗಾ ರಚಿಸಿದ ಪ್ರಾರ್ಥನೆ, ನಿಷೇಧಕ್ಕೊಳಗಾಗಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಗೀತೆ. ಸರ್ಕಾರಿ ರೇಡಿಯೋದವರ ಕಿವಿಗೆ ಅದು ಬೀಳಲೇ ಇಲ್ಲವೋ, ಬಿದ್ದರೂ ಸುಮ್ಮನಿದ್ದರೋ, ಹಾಡು ಸರ್ಕಾರದ್ದೇ ರೇಡಿಯೋ 5ರಲ್ಲಿ ನಂಬರ್ ಒನ್ ಆಯ್ತು!

ಆ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದವನ ಹೆಸರು ಪೀಟರ್ ಕೋಹೆನ್. ಈ ಹೆಸರು ನೆನಪಿಟ್ಟುಕೊಳ್ಳಿ. ಹದಿನೈದು ವರ್ಷ ಆದ ಮೇಲೆ ಇದೇ ಕೋಹೆನ್ ಇನ್ನೊಂದು ಬ್ಯಾಂಡಿನ ಡ್ರಮ್ಸ್ ಹಿಂದೆ ಕೂತಿರ್ತಾನೆ.

*

1990ರ ಫೆಬ್ರವರಿ 11ರಂದು ಮಂಡೇಲಾ ಸೆರೆಯಿಂದ ಹೊರಬಂದರು. 1994ರ ಏಪ್ರಿಲ್ 27ರಂದು ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. ಹನ್ನೊಂದು ಭಾಷೆಗಳು ಅಧಿಕೃತವಾದವು. ಸೊಂಟೊಂಗಾನ ಪ್ರಾರ್ಥನೆ ರಾಷ್ಟ್ರಗೀತೆಯ ಭಾಗವಾಯ್ತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ತಮ್ಮ ದೇಶವನ್ನು ‘ಕಾಮನಬಿಲ್ಲಿನ ನಾಡು’ ಅಂತ ಕರೆದರು. ರೇಡಿಯೋಗಳು ಇಂತಿಷ್ಟು ಪಾಲು ದೇಶದೊಳಗಿನ ಸಂಗೀತವನ್ನೇ ಹಾಕಬೇಕು ಅನ್ನೋ ನಿಯಮ ಬಂತು. ಒಂದು ಕಾಲಕ್ಕೆ ರೆಕಾರ್ಡಿನ ಮೇಲೆ ಗೀರು ಹಾಕುತ್ತಿದ್ದ ವ್ಯವಸ್ಥೆಗೆ ಈಗ ಅದೇ ಬೆರಕೆ ದನಿ ಬೇಕಾಗಿತ್ತು.

2002ರಲ್ಲಿ ಕೇಪ್‌ಟೌನ್‌ನಲ್ಲಿ ಫ್ರೆಶ್ಲಿಗ್ರೌಂಡ್ ಹುಟ್ಟಿತು. ಹೆಸರಿನ ಅರ್ಥ ‘ಆಗಷ್ಟೇ ಬೀಸಿದ ಪುಡಿ’. ನಮಗಂತೂ ಕಾಫಿಪುಡಿ ಅಂಗಡಿಯ ಬೋರ್ಡೇ ನೆನಪಾಗುತ್ತೆ. ಮುಂದೆ ನಿಂತು ಹಾಡುತ್ತಿದ್ದವಳು ಝೊಲಾನಿ ಮಹೋಲಾ. ಪೋರ್ಟ್ ಎಲಿಜಬೆತ್ ಕಡೆಯವಳು, ಮನೆಮಾತು ಖೋಸಾ, ಕೇಪ್‌ಟೌನ್‌ಗೆ ಬಂದು ನಾಟಕ ಓದಿದವಳು. ‘ತ್ಶಾ ತ್ಶಾ’ ಅನ್ನೋ ಟೀವಿ ಧಾರಾವಾಹಿಯಲ್ಲೂ ನಟಿಸಿದ್ದಳು. ಪಕ್ಕದಲ್ಲಿ ಪಿಟೀಲು ಹಿಡಿದ ಕೈಲಾ-ರೋಸ್ ಸ್ಮಿತ್. ಕೊಳಲು, ಮೌತ್ ಆರ್ಗನ್ ಮತ್ತು ಎಂಬಿರಾಕ್ಕೆ ಜಿಂಬಾಬ್ವೆಯ ಸೈಮನ್ ಆಟ್‌ವೆಲ್. ಎಂಬಿರಾ ಅಂದರೆ ಮರದ ಹಲಗೆಗೆ ಲೋಹದ ಪಟ್ಟಿಗಳನ್ನು ಜೋಡಿಸಿ ಹೆಬ್ಬೆರಳಿನಿಂದ ಮೀಟುವ ವಾದ್ಯ. ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳೋ ಥರದ ನಾದ. ಗಿಟಾರ್ ಮೊಜಾಂಬಿಕ್‌ನ ಜೂಲಿಯೋ ಸಿಗಾವ್ಕೆಯದು. ಬೇಸ್ ಜಾಶ್ ಹಾಕ್ಸ್. ಕೀಬೋರ್ಡಿಗೆ ಮೊದಲು ಆರನ್ ಟ್ಯೂರೆಸ್ಟ್-ಸ್ವಾರ್ಟ್ಜ್, ಆಮೇಲೆ ಸೆರಿಡೀಲ್ ಶೆಪರ್ಸ್. ಡ್ರಮ್ಸ್ ಹಿಂದೆ, ನಾನು ನೆನಪಿಟ್ಟುಕೊಳ್ಳಿ ಅಂದಿದ್ದ ಪೀಟರ್ ಕೋಹೆನ್.

ಈ ಪಟ್ಟಿಯನ್ನು ಯಾಕೆ ಪೂರ್ತಿ ಬರೆದೆ ಅಂದರೆ, ಹೊರಗಿನ ಪತ್ರಿಕೆಗಳು ಇವರನ್ನು ಪರಿಚಯಿಸುವಾಗ ‘ವೈವಿಧ್ಯಮಯ ತಂಡ’ ಅಂತ ಒಂದೇ ಪದದಲ್ಲಿ ಮುಗಿಸುತ್ತಿದ್ದವು. ವೈವಿಧ್ಯ ಅನ್ನೋದು ಫೋಟೋದಲ್ಲಿ ಕಾಣುವ ಬಣ್ಣ ಮಾತ್ರ ಅಲ್ಲ. ಪಿಟೀಲಿಗೆ ಗೊತ್ತಿರುವ ಶ್ರುತಿಯೇ ಬೇರೆ, ಎಂಬಿರಾ ಸುತ್ತಿಸುತ್ತಿ ಬರುವ ದಾರಿಯೇ ಬೇರೆ. ಖೋಸಾದಲ್ಲಿ ನಾಲಿಗೆಯಿಂದ ‘ಟಕ್’ ಅಂತ ಹೊಡೆಯುವ ಅಕ್ಷರಗಳಿವೆ, ಅವು ತಾವೇ ಒಂದು ತಾಳ. ಇವೆಲ್ಲ ಒಂದರ ಮೇಲೊಂದು ಬೀಳದೆ, ಒಂದಕ್ಕೊಂದು ಜಾಗ ಬಿಟ್ಟು ಕೂರಬೇಕು ಅಂದರೆ ವರ್ಷಗಟ್ಟಲೆ ಒಂದು ಕೋಣೆಯಲ್ಲಿ ಕೂತು ಜಗಳವಾಡಬೇಕು. ನಾನು ಕೆಲಸ ಮಾಡಿದ ಒಂದು ಕಂಪನಿಯ ಗೋಡೆಯಲ್ಲಿ ನಾಲ್ಕು ಬಣ್ಣದ ಕೈಗಳು ಒಂದರ ಮೇಲೊಂದು ಇರೋ ಪೋಸ್ಟರ್ ಇತ್ತು. ಮೀಟಿಂಗ್‌ನಲ್ಲಿ ಮಾತಾಡುತ್ತಿದ್ದವರು ಮಾತ್ರ ಯಾವಾಗಲೂ ಅದೇ ಮೂವರು. ಪೋಸ್ಟರಿನ ವೈವಿಧ್ಯಕ್ಕೂ ಬ್ಯಾಂಡಿನ ವೈವಿಧ್ಯಕ್ಕೂ ಇರೋ ವ್ಯತ್ಯಾಸ ಅಲ್ಲಿದೆ.

2003ರಲ್ಲಿ ಮೊದಲ ಆಲ್ಬಮ್ ‘ಜಿಕಾ ಜಿಕಾ’ ಬಂತು. 2004ರಲ್ಲಿ ‘ನೊಂವುಲಾ’. ನೊಂವುಲಾ ಅಂದರೆ ಮಳೆಯ ಹೊತ್ತಲ್ಲಿ ಹುಟ್ಟಿದ ಹುಡುಗಿಗೆ ಇಡೋ ಹೆಸರು. ಖೋಸಾದಲ್ಲಿರುವ ಆ ಶೀರ್ಷಿಕೆ ಗೀತೆಯಲ್ಲಿ ಮಹೋಲಾ ತನ್ನ ಬಾಲ್ಯವನ್ನು ಹಾಡುತ್ತಾಳೆ. ಅದೇ ಆಲ್ಬಮ್ಮಿನ ‘ಡೂ ಬಿ ಡೂ’ ಹಗುರವಾದ ಇಂಗ್ಲಿಷ್ ಹಾಡು, ಅದು ರೇಡಿಯೋಗಳಲ್ಲಿ ಹತ್ತಿಕೊಂಡಿತು. ಮದುವೆ ಮನೆ, ಟ್ಯಾಕ್ಸಿ, ಅಂಗಡಿ, ಎಲ್ಲ ಕಡೆ ಅದೇ. ಆಲ್ಬಮ್ ಪ್ಲಾಟಿನಂ ಆಯ್ತು. 2006ರ ನವೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಎಂಟಿವಿ ಯುರೋಪ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಆಫ್ರಿಕಾದ ಅತ್ಯುತ್ತಮ ತಂಡ ಅನ್ನೋ ಪ್ರಶಸ್ತಿ ಇವರಿಗೆ ಬಂತು. ಜಗತ್ತಿನ ಬಾಗಿಲು ತೆರೆದದ್ದು ಆಗ.

*

ಬಾಗಿಲು ತೆರೆಯಿತು ಅಂತ ಖುಷಿಪಡುವ ಮೊದಲು, ಅದೇ 2006ರಲ್ಲಿ ನಡೆದ ಇನ್ನೊಂದು ಘಟನೆ ಹೇಳಬೇಕು. ಆಫ್ರಿಕಾದ ಸಂಗೀತಕ್ಕೆ ಈ ಬಾಗಿಲು ಹೊಸದೇನಲ್ಲ. 1939ರಲ್ಲಿ ಸಾಲೊಮನ್ ಲಿಂಡಾ ಎಂಬ ಜುಲು ಗಾಯಕ ಜೋಹಾನ್ಸ್‌ಬರ್ಗ್‌ನ ಗ್ಯಾಲೋ ಸ್ಟುಡಿಯೋದಲ್ಲಿ ‘ಎಂಬೂಬೆ’ ಅನ್ನೋ ಹಾಡು ಹಾಡಿದ. ಹಕ್ಕನ್ನು ಹತ್ತು ಶಿಲ್ಲಿಂಗಿಗೆ ಬಿಟ್ಟುಕೊಟ್ಟ. ಆ ಹಾಡು ಅಮೆರಿಕಕ್ಕೆ ಹೋಗಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆಯ್ತು. ‘ಲಯನ್ ಕಿಂಗ್’ ಸಿನಿಮಾದಲ್ಲಿ ನೀವೂ ಕೇಳಿರ್ತೀರಿ. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಅವನ ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ, ಕೊನೆಗೆ 2006ರಲ್ಲಿ ರಾಜಿ ಒಪ್ಪಂದವಾಗಿ ಅವರಿಗೆ ಹಣ ಸಿಕ್ಕಿತು. ಹಾಡು ಹುಟ್ಟಿ ಅರವತ್ತೇಳು ವರ್ಷಕ್ಕೆ!

ಈ ಹಿನ್ನೆಲೆ ಇಟ್ಟುಕೊಂಡು ಈಗ 2010ಕ್ಕೆ ಬನ್ನಿ. ಆಫ್ರಿಕಾ ಖಂಡದಲ್ಲಿ ಮೊದಲ ಫುಟ್‌ಬಾಲ್ ವಿಶ್ವಕಪ್. ಫಿಫಾದ ಅಧಿಕೃತ ಆಲ್ಬಮ್ ಸೋನಿ ಮ್ಯೂಸಿಕ್ ಕೈಯಲ್ಲಿತ್ತು, ಶಕೀರಾ ಸೋನಿಯ ತಾರೆ. ಅಧಿಕೃತ ಹಾಡನ್ನು ಕೊಲಂಬಿಯಾದ ಗಾಯಕಿ ಹಾಡ್ತಾಳೆ ಅಂದಾಗ ದಕ್ಷಿಣ ಆಫ್ರಿಕಾದಲ್ಲಿ ಗೊಣಗಾಟ ಎದ್ದಿತು. ನಮ್ಮ ಮನೆಯ ಮದುವೆಗೆ ಓಲಗದವರನ್ನು ಬೇರೆ ಖಂಡದಿಂದ ಕರೆಸಬೇಕಾ ಅನ್ನೋ ಥರದ ಸಿಟ್ಟು. ಆ ಹಾಡಿನಲ್ಲಿ ದಕ್ಷಿಣ ಆಫ್ರಿಕಾದ ದನಿಯಾಗಿ ಇದ್ದದ್ದು ಫ್ರೆಶ್ಲಿಗ್ರೌಂಡ್. ಹಾಡಿನ ಎರಡನೇ ಅರ್ಧದಲ್ಲಿ ಶಕೀರಾ ಸುಮ್ಮನಾಗಿ, ಇನ್ನೊಂದು ಹೆಣ್ಣುದನಿ ಖೋಸಾದಲ್ಲಿ ಎದ್ದು ಬರುತ್ತಲ್ಲ, ಅದು ಮಹೋಲಾ.

ಆದರೆ ನಾವೆಲ್ಲ ಗುನುಗುವ ಆ ಪಲ್ಲವಿ? ಅದು ಶಕೀರಾದ್ದೂ ಅಲ್ಲ, ಫ್ರೆಶ್ಲಿಗ್ರೌಂಡಿನದ್ದೂ ಅಲ್ಲ. 1986ರಲ್ಲಿ ಕ್ಯಾಮರೂನ್ ದೇಶದ ‘ಗೋಲ್ಡನ್ ಸೌಂಡ್ಸ್’ ಎಂಬ ತಂಡದ ‘ಝಂಗಲೇವಾ’ ಅನ್ನೋ ಹಾಡಿನದು. ತಂಡದವರು ಅಲ್ಲಿನ ಅಧ್ಯಕ್ಷರ ಕಾವಲು ಪಡೆಯ ಸಿಪಾಯಿಗಳು. ವಸಾಹತು ಕಾಲದ ಸೈನ್ಯದಲ್ಲಿ ಬಿಳಿ ಅಧಿಕಾರಿಗಳ ಕೈಕೆಳಗೆ ದುಡಿದ ಆಫ್ರಿಕನ್ ಸೈನಿಕರನ್ನು ಅಣಕಿಸುವ ಹಾಡು ಅದು. ಹಳೇ ಯೂನಿಫಾರ್ಮ್ ತೊಟ್ಟು, ಹೊಟ್ಟೆಗೆ ಹಿಂದಕ್ಕೆ ದಿಂಬು ತುರುಕಿಕೊಂಡು ಕುಣಿಯುತ್ತಿದ್ದರು. ಆಫ್ರಿಕಾದ ರೆಕಾರ್ಡುಗಳು ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿ ಮೊದಲಿಂದಲೂ ಜನಪ್ರಿಯ. ಡೊಮಿನಿಕನ್ ರಿಪಬ್ಲಿಕ್ಕಿನ ಲಾಸ್ ಚಿಕಾಸ್ ದೆಲ್ ಕಾನ್ ಎಂಬ ಹುಡುಗಿಯರ ತಂಡ ಅದೇ ರಾಗವನ್ನು ಸ್ಪ್ಯಾನಿಷಿನಲ್ಲಿ ಹಾಡಿತ್ತು. ಅಂದರೆ ರಾಗ ಹಡಗು ಹತ್ತಿ ಅಟ್ಲಾಂಟಿಕ್ ದಾಟಿ, ಶಕೀರಾಳ ಜೊತೆ ವಿಮಾನದಲ್ಲಿ ಆಫ್ರಿಕಾಕ್ಕೆ ವಾಪಸ್ ಬಂದಿತ್ತು.

ಈ ಸಲ ಲಿಂಡಾನ ಥರ ಅರವತ್ತೇಳು ವರ್ಷ ಕಾಯಬೇಕಾಗಲಿಲ್ಲ. ಕ್ಯಾಮರೂನಿನಲ್ಲಿ ಗದ್ದಲವೆದ್ದು, ಮಾತುಕತೆ ನಡೆದು, ಒಪ್ಪಂದವಾಯ್ತು. ಹಾಡಿನ ಕರ್ತೃಗಳ ಪಟ್ಟಿಯಲ್ಲಿ ಈಗ ಶಕೀರಾ ಮತ್ತು ನಿರ್ಮಾಪಕ ಜಾನ್ ಹಿಲ್ ಜೊತೆ ಮಹೋಲಾ ಹೆಸರಿದೆ, ಕ್ಯಾಮರೂನಿನವರ ಹೆಸರೂ ಇದೆ. ಇದು ಸಣ್ಣ ಗೆಲುವಲ್ಲ. ಹೆಸರು ಇದ್ದರೆ ಹಣ ಬರುತ್ತೆ, ಹೆಸರು ಇಲ್ಲದಿದ್ದರೆ ‘ಜಾನಪದ’ ಅನ್ನೋ ಒಂದು ಗೌರವದ ಪದ ಬರುತ್ತೆ, ಅಷ್ಟೇ.

ಜೂನ್ 10ರ ರಾತ್ರಿ ಸೊವೆಟೋದ ಆರ್ಲಾಂಡೊ ಕ್ರೀಡಾಂಗಣದ ಉದ್ಘಾಟನಾ ಸಂಗೀತ ಸಂಜೆ. ಸೊವೆಟೋ ಅಂದರೆ ಕಪ್ಪು ಜನರನ್ನು ನಗರದಿಂದಾಚೆ ಇಡೋಕೆ ಕಟ್ಟಿದ ಬಡಾವಣೆ. ಅಲ್ಲಿ ಈ ಬೆರಕೆ ತಂಡ ಶಕೀರಾ ಪಕ್ಕದಲ್ಲಿ ನಿಂತು ಹಾಡಿತು, ಜಗತ್ತು ನೋಡಿತು. ಜುಲೈ 11ರ ಸಮಾರೋಪದಲ್ಲೂ ಅದೇ ಹಾಡು. ಯೂಟ್ಯೂಬಿನಲ್ಲಿ ಅದರ ವಿಡಿಯೋ 300 ಕೋಟಿ ವೀಕ್ಷಣೆ ದಾಟಿ ಎಷ್ಟೋ ಕಾಲವಾಯ್ತು. ಆಫ್ರಿಕಾದ ಯಾವ ಪಾಪ್ ಬ್ಯಾಂಡಿಗೂ ಇಷ್ಟು ಕಿವಿಗಳು ಒಟ್ಟಿಗೆ ಸಿಕ್ಕಿದ್ದು ಅಪರೂಪ.

ಆದರೂ ಯಾರಿಗೂ ಅವರ ಹೆಸರು ನೆನಪಿಲ್ಲ. ಲೋಕ ಅವರ ದನಿ ಕೇಳಿತು, ಅವರ ಮಾತು ಕೇಳಲಿಲ್ಲ.

*

ಅದೇ ವರ್ಷ ಅವರು ತಮ್ಮ ಸ್ವಂತ ಮಾತನ್ನೂ ಆಡಿದರು. ‘ರೇಡಿಯೋ ಆಫ್ರಿಕಾ’ ಅನ್ನೋ ಅವರ ಆಲ್ಬಮ್ಮಿನಲ್ಲಿ ‘ಚಿಕನ್ ಟು ಚೇಂಜ್’ ಎಂಬ ಹಾಡಿದೆ. ಇಂಗ್ಲಿಷಿನಲ್ಲಿ ‘ಚಿಕನ್’ ಅಂದರೆ ಕೋಳಿಯೂ ಹೌದು, ಪುಕ್ಕಲನೂ ಹೌದು. ಬದಲಾಗೋಕೆ ಹೆದರುವ ಪುಕ್ಕಲ ಯಾರು? ಜಿಂಬಾಬ್ವೆಯನ್ನು 1980ರಿಂದ ಆಳುತ್ತಿದ್ದ ರಾಬರ್ಟ್ ಮುಗಾಬೆ. ಅವರ ಪಕ್ಷದ ಲಾಂಛನ ಹುಂಜ, ಹಾಗಾಗಿ ಏಟು ಎರಡು ಕಡೆ ತಾಗುತ್ತಿತ್ತು. ವಿಡಿಯೋ ಮಾಡಿದ್ದು ‘ಝಾನ್ಯೂಸ್’ ಎಂಬ ವಿಡಂಬನೆಯ ತಂಡದ ರಬ್ಬರ್ ಬೊಂಬೆಗಳನ್ನು ಇಟ್ಟುಕೊಂಡು. ಅದರಲ್ಲಿ ಮುಗಾಬೆ ಬೊಂಬೆ ಕೋಳಿಯಾಗಿ ಬದಲಾಗುತ್ತೆ.

ಈ ಹಾಡಿನಲ್ಲಿ ದ್ವೇಷಕ್ಕಿಂತ ಹೆಚ್ಚು ನೋವಿದೆ ಅನ್ನೋದು ನನ್ನ ಅನಿಸಿಕೆ. ಬಿಳಿಯರ ಆಳ್ವಿಕೆಯ ವಿರುದ್ಧ ಹೋರಾಡಿ ಗೆದ್ದ ಮುಗಾಬೆ ಒಂದು ಕಾಲದಲ್ಲಿ ಇಡೀ ಖಂಡದ ಹೀರೋ. ಬ್ಯಾಂಡಿನ ಆಟ್‌ವೆಲ್‌ಗೆ ಜಿಂಬಾಬ್ವೆ ಸ್ವಂತ ದೇಶ. ‘ಒಂದು ಕಾಲದಲ್ಲಿ ಎಷ್ಟು ದೊಡ್ಡವರಿದ್ದಿರಿ, ಈಗ ಯಾಕೆ ಹೀಗೆ’ ಅನ್ನೋದು ಮನೆಯೊಳಗಿನವರು ಮನೆ ಹಿರಿಯನಿಗೆ ಕೇಳುವ ಪ್ರಶ್ನೆ. ಹೊರಗಿನವರು ಕೇಳೋ ಧಾಟಿಯೇ ಬೇರೆ.

ಜಿಂಬಾಬ್ವೆ ಸರ್ಕಾರ ಅವರ ಅನುಮತಿಯನ್ನು ರದ್ದು ಮಾಡಿತು. ನಾಲ್ಕು ವರ್ಷ ಕಳೆದ ಮೇಲೆ, 2014ರಲ್ಲಿ, ಹರಾರೆಯ ಅಂತರರಾಷ್ಟ್ರೀಯ ಕಲಾ ಉತ್ಸವದ ಕೊನೆಯ ಕಾರ್ಯಕ್ರಮಕ್ಕೆ ಇವರನ್ನು ಕರೆದಿದ್ದರು. ವಿಮಾನ ಇಳಿದರು, ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಲಾಯ್ತು. ಜಗತ್ತೆಲ್ಲ ಕುಣಿದ ಹಾಡಿನಲ್ಲಿ ದನಿ ಕೊಟ್ಟವರು ಪಕ್ಕದ ದೇಶದ ಬಾಗಿಲು ದಾಟಲಾಗಲಿಲ್ಲ.

ಈ ಎರಡು ಹಾಡುಗಳನ್ನು ನಾನು ಯಾವಾಗಲೂ ಅಕ್ಕಪಕ್ಕ ಇಟ್ಟು ನೋಡ್ತೀನಿ. ಒಂದೇ ವರ್ಷ, ಅದೇ ಏಳು ಜನ. ಒಂದು ಹಾಡು ನೂರಾರು ಕೋಟಿ ಜನರನ್ನು ತಲುಪಿತು, ಯಾರನ್ನೂ ಎಚ್ಚರಿಸಲಿಲ್ಲ. ಇನ್ನೊಂದು ಅದರ ಸಾವಿರದಲ್ಲೊಂದು ಪಾಲು ಜನರನ್ನೂ ತಲುಪಲಿಲ್ಲವೇನೋ. ಆದರೆ ಮೂವತ್ತು ವರ್ಷದಿಂದ ಕುರ್ಚಿಯಲ್ಲಿದ್ದ ಒಬ್ಬ ಅಧ್ಯಕ್ಷನಿಗೆ ತಾಗಿತು. ಜುಲುಕಾದ ರೆಕಾರ್ಡುಗಳಿಗೆ ಬಾಗಿಲು ಮುಚ್ಚಿದ ಸರ್ಕಾರವೂ ಒಂದು ರೀತಿಯಲ್ಲಿ ಆ ಹಾಡುಗಳನ್ನು ತುಂಬ ಗಮನವಿಟ್ಟು ಕೇಳಿತ್ತು. ಹೆದರಿದವರಷ್ಟು ಏಕಾಗ್ರತೆಯಿಂದ ಅಭಿಮಾನಿಗಳೂ ಕೇಳೋದಿಲ್ಲ.

ಹಾಗಂತ ‘ವಾಕಾ ವಾಕಾ’ಕ್ಕೆ ಒಪ್ಪಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಬಾಡಿಗೆ ಕಟ್ಟಬೇಕಾದ ಏಳು ಜನ ಕಲಾವಿದರಿಗೆ ದೂರದಲ್ಲಿ ಕೂತು ತ್ಯಾಗದ ಪಾಠ ಮಾಡೋದು ಸುಲಭ. ಅಲ್ಲದೆ ಖೋಸಾದ ಕೆಲವು ಸಾಲುಗಳು ಬೆಂಗಳೂರಿನ ಪಿಜಿಗಳ ಟೀವಿವರೆಗೂ ಬಂದವಲ್ಲ, ಅದೇನು ಕಡಿಮೆಯೇ? ಒಂದು ಕಾಲದಲ್ಲಿ ಆ ಭಾಷೆ ಸರ್ಕಾರ ಕೊಟ್ಟ ಒಂದು ತರಂಗಾಂತರ ಬಿಟ್ಟು ಆಚೆ ಬರುವಂತಿರಲಿಲ್ಲ. ನಾನು ಹೇಳೋದು ಇಷ್ಟೇ: ಅಂತರರಾಷ್ಟ್ರೀಯ ಯಶಸ್ಸು ಅಂತ ನಾವು ಕರೆಯೋದರಲ್ಲಿ ಎರಡು ಬೇರೆಬೇರೆ ವಸ್ತುಗಳಿವೆ. ಒಂದು, ಲೋಕ ನಿಮ್ಮನ್ನು ತನ್ನ ಮೆರವಣಿಗೆಯಲ್ಲಿ ಸೇರಿಸಿಕೊಳ್ಳೋದು. ಇನ್ನೊಂದು, ನೀವು ಹೇಳಬೇಕಾದ್ದನ್ನು ಲೋಕ ಕೇಳಿಸಿಕೊಳ್ಳೋದು. ಮೊದಲನೆಯದು ಸಿಕ್ಕಾಗ ಎರಡನೆಯದೂ ಸಿಕ್ಕಿತು ಅಂದುಕೊಂಡರೆ, ಪೋಸ್ಟರಿನ ನಾಲ್ಕು ಕೈಗಳಲ್ಲಿ ನಮ್ಮದೂ ಒಂದಾಗುತ್ತೆ, ಅಷ್ಟೇ.

*

2019ರ ಜುಲೈ 16ರಂದು ಜಾನಿ ಕ್ಲೆಗ್ ಕ್ಯಾನ್ಸರ್‌ನಿಂದ ತೀರಿಕೊಂಡ. ಇಪ್ಪತ್ತು ವರ್ಷ ಮೊದಲು, 1999ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವನು ‘ಅಸಿಂಬೊನಾಂಗಾ’ ಹಾಡುತ್ತಿದ್ದಾಗ ಹಿಂದಿನಿಂದ ಮಂಡೇಲಾ ಮೆಲ್ಲಗೆ ಕುಣಿಯುತ್ತಾ ವೇದಿಕೆಗೆ ಬಂದಿದ್ದರು. ‘ಅವರನ್ನು ನಾವು ಕಂಡಿಲ್ಲ’ ಅನ್ನೋ ಅರ್ಥದ ಹೆಸರಿನ ಹಾಡಿಗೆ ಅವರೇ ಬಂದು ಹೆಜ್ಜೆ ಹಾಕಿದ ಆ ವಿಡಿಯೋ ಈಗಲೂ ಸಿಗುತ್ತೆ. ನೋಡಿ.

ಅದೇ 2019ರಲ್ಲಿ ಮಹೋಲಾ ಒಂಟಿಯಾಗಿ ಹಾಡುತ್ತೇನೆ ಅಂತ ಹೊರಟಳು, ಫ್ರೆಶ್ಲಿಗ್ರೌಂಡ್ ಹದಿನೇಳು ವರ್ಷದ ಪ್ರಯಾಣ ಮುಗಿಸಿತು. ಈಗ ಅವಳು ವೇದಿಕೆಗೆ ಬರೋದು ‘ದಿ ಒನ್ ಹೂ ಸಿಂಗ್ಸ್’ ಅನ್ನೋ ಹೆಸರಿನಲ್ಲಿ. ಹಾಡುವವಳು ಅಂತ ಅರ್ಥ. ಅದರ ಹಿಂದೆ ಮುಂದೆ ‘ಫೀಚರಿಂಗ್’ ಇಲ್ಲ.